ಕಿವಿ ಮೇಸ್ತ್ರಿಯ ಗೀಸರ್

ಗೀಸರ್ ಮೊದಮೊದಲು ಗೊಣಗುತ್ತಿತ್ತು, ಅಷ್ಟೆ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಸ್ನಾನದ ಮನೆಯ ಮೇಲ್ಗಡೆಯಿಂದ, ಹೊಟ್ಟೆ ಕೆಟ್ಟವರ ಒಳಗಿನಿಂದ ಬರುವಂಥ ಗುಡುಗುಡು ಸದ್ದು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳದೇ ಇದ್ದದ್ದರಿಂದ ಅದಕ್ಕೆ ಧೈರ್ಯ ಬಂದು ಢಬಢಬ ಬಡಿಯತೊಡಗಿತು. ಒಂದು ಬೆಳಿಗ್ಗೆ ತಲೆಗೆ ಸೋಪು ಹಚ್ಚಿಕೊಂಡಿದ್ದ ಅಳಿಯ ಟವೆಲ್ ಸುತ್ತಿಕೊಂಡು ನೊರೆಯ ಸಮೇತ ಹೊರಗೆ ಓಡಿ ಬಂದ. ಅವನು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವನು. ನೀರಿಗೆ ಹೆದರಿ ಓಡಿದ್ದು ಅವನ ಜೀವಮಾನದಲ್ಲೇ ಮೊದಲು ಎಂದು ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಯಾವುದಾದರೂ ಯಂತ್ರ ಸದ್ದು ಮಾಡಿದಾಗಲೆಲ್ಲ ಮಾಡುವುದನ್ನೇ ಮಾಡಿದಳು: ಅಪ್ಪನ ಕಡೆ ತಿರುಗಿದಳು.

ಅವಳ ಅಪ್ಪ ಬಟ್ಟೆ ಮಿಲ್ಲಿನಲ್ಲಿ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದವರು. ಅಲ್ಲಿ ಅವರನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮಗ್ಗ ಕೆಟ್ಟಾಗ ಬೇರೆ ಫಿಟ್ಟರುಗಳು ಬಿಚ್ಚಿ ನೋಡುತ್ತಿದ್ದರು. ಇವರು ಬಿಚ್ಚುವ ಮೊದಲೇ ಕೇಳುತ್ತಿದ್ದರು. ಮೊಣಕೈಯುದ್ದದ ಒಂದು ಸ್ಕ್ರೂಡ್ರೈವರಿನ ಮೊನೆಯನ್ನು ಯಂತ್ರದ ಮೈಗೆ ಊರಿ, ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವರು. ಕಬ್ಬಿಣದೊಳಗಿನ ಸದ್ದು ಮೂಳೆ ಹಿಡಿದು ನೇರ ತಲೆಗೆ ಬರುತ್ತಿತ್ತು. ಕಣ್ಣು ಬಿಟ್ಟು, ಇಂಥ ಕಡೆ ಸವೆದಿದೆ ಎನ್ನುವರು. ಬಿಚ್ಚಿದರೆ ಅಲ್ಲೇ ಸವೆದಿರುತ್ತಿತ್ತು. ತಪ್ಪಿದ್ದೂ ಉಂಟು, ಆದರೆ ಅದನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಮೇಸ್ತ್ರಿಯಂತೂ ಇಲ್ಲವೇ ಇಲ್ಲ.

ಆ ಮಗ್ಗದ ಶೆಡ್ಡಿನೊಳಗೆ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿನವರು ದನಿಯನ್ನು ಕೈಬಿಟ್ಟು, ಬರೀ ತುಟಿ ಆಡಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಬೈಗುಳ, ಹರಟೆ, ಮದುವೆಯ ಮಾತುಕತೆ ಎಲ್ಲ ಸದ್ದಿಲ್ಲದೆ ನಡೆಯುತ್ತಿತ್ತು. ಮೇಸ್ತ್ರಿ ಆ ವಿದ್ಯೆಯನ್ನು ಮಗಳಿಗೂ ಕಲಿಸಿದ್ದರು. ಊಟಕ್ಕೆ ಕೂತಾಗ ಅಪ್ಪ ಮಗಳು ತುಟಿಯಲ್ಲೇ, ಇವತ್ತು ಉಪ್ಪಿನ ಡಬ್ಬ ಬೋರಲಾಗಿದೆ ಎಂದು ಆಡಿಕೊಂಡು ಕಿಸಿಕಿಸಿ ನಗುವರು. ಬಡಿಸುತ್ತಿದ್ದ ತಾಯಿ ಏನೂ ತಿಳಿಯದೆ ಇಬ್ಬರಿಗೂ ಗದರುವಳು. ಆ ತಾಯಿ ಈಗಿಲ್ಲ. ಮೇಸ್ತ್ರಿ ಒಂದು ಪೆಟ್ಟಿಗೆ ಬಟ್ಟೆ, ಒಂದು ಪೆಟ್ಟಿಗೆ ಹತಾರ ತೆಗೆದುಕೊಂಡು ಮಗಳ ಮನೆಗೆ ಬಂದು ಸೇರಿದ್ದರು.

ಬಂದ ಹೊಸತರಲ್ಲಿ ಅವರಿಗೆ ಅಲ್ಲಿ ಮಾಡಲು ಏನೂ ಇರಲಿಲ್ಲ. ಕುರ್ಚಿ ಎಲ್ಲಿ ಹಾಕಿಕೊಂಡರೂ ಯಾರದೋ ದಾರಿಗೆ ಅಡ್ಡ. ಆಮೇಲೆ ಮೊಮ್ಮಗಳು ಹುಟ್ಟಿದಳು. ಚೋಟುದ್ದ ಇದ್ದಾಳೆಂದು ಅಳಿಯ ಅವಳನ್ನು ಚೋಟು ಎಂದ, ಅದೇ ನಿಂತಿತು. ಈಗ ಚೋಟು ಕೂತು ಆಡುವಷ್ಟಾಗಿದ್ದಳು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವ ಮಗಳ ರಜೆ ಮುಗಿಯುತ್ತ ಬಂದಿತ್ತು. ಮುಂದಿನ ವಾರದಿಂದ ಹಗಲು ಹೊತ್ತು ಚೋಟು ಅಜ್ಜನ ಪಾಲಿಗೆ ಎಂದು ತೀರ್ಮಾನವಾಗಿತ್ತು. ಆ ಮಾತು ಕೇಳಿದ ದಿನ ಮೇಸ್ತ್ರಿಯ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ತಮ್ಮಿಂದ ಈ ಮನೆಗೆ ಒಂದು ಕೆಲಸವಾಗಬೇಕಾಗಿದೆ ಎನ್ನುವುದಕ್ಕಿಂತ ದೊಡ್ಡ ಸಂತೋಷ ಅವರಿಗೆ ಗೊತ್ತಿರಲಿಲ್ಲ.

ಆದರೆ ಒಂದು ಹುಳುಕು ಇತ್ತು. ಮೇಸ್ತ್ರಿಗೆ ಸಣ್ಣ ಸದ್ದುಗಳು, ಅದರಲ್ಲೂ ಚೂಪು ಸದ್ದುಗಳು, ಈಚೆಗೆ ಕೇಳಿಸುತ್ತಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ತಮಗೇ ಪೂರ್ತಿ ಹೇಳಿಕೊಂಡಿರಲಿಲ್ಲ. ಬಾಗಿಲ ಬೆಲ್ಲು ಕೇಳಿಸದಿದ್ದಾಗ ಬೆಲ್ಲನ್ನೇ ಬಿಚ್ಚಿ ರಿಪೇರಿ ಮಾಡಿದರು. ಅಲಾರಂ ಗಡಿಯಾರ ಮೂಕವಾಗಿದೆ ಎಂದು ಅದರ ಹೊಟ್ಟೆಯನ್ನೂ ತೆರೆದರು. ಎರಡೂ ಮೊದಲು ಚೆನ್ನಾಗಿಯೇ ಇದ್ದವು. ಎದುರಿಗೆ ನಿಂತು ಮಾತಾಡುವವರ ತುಟಿ ನೋಡಿ ಅವರು ಎಷ್ಟು ಸಲೀಸಾಗಿ ಉತ್ತರ ಕೊಡುತ್ತಿದ್ದರೆಂದರೆ ಯಾರಿಗೂ ಅನುಮಾನ ಬರಲಿಲ್ಲ. ಬೆನ್ನ ಹಿಂದೆ ಕರೆದಾಗ ಓಗೊಡದಿದ್ದರೆ, ಮೇಸ್ತ್ರಿಗಿರಿ ಇನ್ನೂ ಇಳಿದಿಲ್ಲ, ಬೇಕಾದದ್ದು ಮಾತ್ರ ಕೇಳಿಸುತ್ತದೆ ಎಂದು ಮನೆಯವರು ಅಂದುಕೊಳ್ಳುತ್ತಿದ್ದರು. ಅಳಿಯನದು ಹೇಗೂ ಈಜುಕೊಳದ ಗಂಟಲು, ಅವನ ಪಿಸುಮಾತೂ ಬೀದಿಗೆ ಕೇಳುತ್ತಿತ್ತು. ಮಗುವಿನ ವಿಷಯಕ್ಕೂ ಮೇಸ್ತ್ರಿ ಉಪಾಯ ಯೋಚಿಸಿ ಇಟ್ಟಿದ್ದರು: ತೊಟ್ಟಿಲಿಗೆ ಒಂದು ದಾರ ಕಟ್ಟಿ ಅದರ ತುದಿಯನ್ನು ಕಾಲ್ಬೆರಳಿಗೆ ಸುತ್ತಿಕೊಳ್ಳುವುದು. ಮಗು ಮಿಸುಕಿದರೆ ಬೆರಳಿಗೆ ಗೊತ್ತಾಗುತ್ತದೆ. ಮೇಸ್ತ್ರಿ ಯಂತ್ರಗಳ ಜೊತೆ ಬಾಳಿದವರು, ಎಲ್ಲಕ್ಕೂ ಒಂದು ದಾರಿ ಇದ್ದೇ ಇರುತ್ತದೆ ಎಂಬುದು ಅವರ ಭಾವನೆ.

"ಅಪ್ಪ, ಸಿಡಿದು ಗಿಡಿದು ಬಿಡುತ್ತಾ ಇದು?" ಮಗಳು ಕೇಳಿದಳು.

"ಮೊದ್ಲು ಅದು ಏನು ಹೇಳುತ್ತೆ ಕೇಳೋಣ, ಇರು," ಎಂದು ಮೇಸ್ತ್ರಿ ಹತಾರದ ಪೆಟ್ಟಿಗೆ ತೆಗೆದರು.

ಸ್ಟೂಲು ಹತ್ತಿ, ಸ್ಕ್ರೂಡ್ರೈವರನ್ನು ಗೀಸರಿನ ಹೊಟ್ಟೆಗೆ ಊರಿ, ಹಿಡಿಯನ್ನು ಕಿವಿಯ ಹಿಂದೆ ಒತ್ತಿ ಕಣ್ಣು ಮುಚ್ಚಿದರು. ಆಹಾ! ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ತಳದಲ್ಲಿ ಗುಳ್ಳೆಗಳು ಸಿಕ್ಕಿಕೊಂಡು ಒದ್ದಾಡುವುದು, ಒಡೆದು ಮೇಲೇಳುವುದು, ಕೆಳಗೆ ಏನೋ ಚೂರುಚೂರಾಗಿ ಹಾರಿ ಬೀಳುವುದು. ಎಷ್ಟೋ ದಿನಗಳಿಂದ ಹತ್ತಿ ತುರುಕಿದಂತಿದ್ದ ಲೋಕ ಒಮ್ಮೆಲೇ ಬಿಚ್ಚಿಕೊಂಡಿತು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತೇ ಅವರು ಹಾಗೆ ನಿಂತಿದ್ದರು.

"ಸುಣ್ಣ," ಎಂದರು ಇಳಿದು ಬಂದು. "ನಮ್ಮ ನೀರು ಗಡಸು. ಕಾದು ಕಾದು ಸುಣ್ಣ ತಳಕ್ಕೆ ಪದರವಾಗಿ ಕೂತಿದೆ. ಅದರ ಕೆಳಗೆ ಸಿಕ್ಕಿಕೊಂಡ ನೀರು ಕುದ್ದು ಮೇಲೆ ಬರೋಕೆ ಗುದ್ದಾಡುತ್ತೆ, ಅದೇ ಢಬಢಬ. ನಡುವೆ ಕಟಕಟ ಅನ್ನುತ್ತಲ್ಲ, ಅದು ಪೈಪು. ಬಿಸಿಗೆ ಮೈ ಮುರೀತದೆ, ಅಷ್ಟೆ. ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ."

"ರಿಪೇರಿಯವರನ್ನ ಕರೆಸೋಣ್ವಾ ಮಾವ?" ಎಂದ ಅಳಿಯ.

ಮೇಸ್ತ್ರಿ ಅವನನ್ನು ನೋಡಿದ ನೋಟಕ್ಕೆ ಆ ಮಾತು ಅಲ್ಲೇ ಸತ್ತಿತು.

ರಜಾದಿನ ಕೆಲಸ ಶುರುವಾಯಿತು. ಮೇಸ್ತ್ರಿ ಮೊದಲು ಕರೆಂಟು ತೆಗೆಸಿದರು, ತಣ್ಣೀರು ಒಳಬರುವ ವಾಲ್ವು ಮುಚ್ಚಿದರು, ತಳದಿಂದ ನೀರು ಬಸಿದರು. ಬಕೆಟ್ ಹಿಡಿಯುವ ಕೆಲಸ ಅಳಿಯನದು. ಕೆಳಗಿನ ತಟ್ಟೆ ಬಿಚ್ಚಿ ಕಾಯಿಲ್ ಹೊರಗೆಳೆದಾಗ ಅದು ಅನ್ನ ಸೀದು ಹತ್ತಿದ ಸೌಟಿನ ಹಾಗಿತ್ತು. ಒಳಗಿನಿಂದ ಮೊಟ್ಟೆಯ ಚಿಪ್ಪಿನಂಥ ಸುಣ್ಣದ ಚಕ್ಕೆಗಳು ಬಳಬಳ ಸುರಿದು ಬಕೆಟ್ಟಿನ ತಳ ಮುಚ್ಚಿದವು. ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಪಾಪ ಅದು ಗೊಣಗದೆ ಇನ್ನೇನು ಮಾಡೀತು ಎಂದ ಅಳಿಯ. ಕಾಯಿಲನ್ನು ಕೆರೆದು, ಒಳಗೆಲ್ಲ ತೊಳೆದು, ತಟ್ಟೆ ಕೂರಿಸಿದ್ದಾಯಿತು. ಕೊನೆಗೆ ನೋಡಿದರೆ ಒಳಬರುವ ವಾಲ್ವಿನ ವಾಷರ್ ಬಿರುಕು ಬಿಟ್ಟಿತ್ತು.

"ಅಂಗಡೀಲಿ ಸಿಗುತ್ತೆ ಮಾವ, ಓಡಿ ಹೋಗಿ ತರ್ತೀನಿ."

"ಅಂಗಡಿ ವಾಷರ್ ನಾಲ್ಕು ದಿನಕ್ಕೆ ನಾರಾಗುತ್ತೆ," ಎಂದು ಮೇಸ್ತ್ರಿ ಪೆಟ್ಟಿಗೆಯ ತಳ ಕೆದಕಿ ಒಂದು ಚರ್ಮದ ತುಂಡು ತೆಗೆದರು. ಮಿಲ್ಲಿನ ಮಗ್ಗದ ಹಳೇ ಬೆಲ್ಟಿನದು. ಕೆಲಸ ಬಿಟ್ಟ ದಿನ ನೆನಪಿಗೆಂದು ಕೊಯ್ದು ತಂದದ್ದು. ಅದರಲ್ಲೇ ಒಂದು ಬಿಲ್ಲೆ ಕತ್ತರಿಸಿ ವಾಲ್ವಿನೊಳಗೆ ಕೂರಿಸಿದರು. ಮಿಲ್ಲು ಮುಚ್ಚಿ ಹೋದರೂ ಅದರ ಒಂದು ಚೂರು ಮಗಳ ಮನೆಯ ನೀರಿಗೆ ಕಾವಲು ನಿಂತಿತು ಎಂಬ ಹೆಮ್ಮೆ ಅವರಿಗೆ.

ನೀರು ತುಂಬಿತು, ಕರೆಂಟು ಬಂತು, ಕಾಯ್ದೂ ಆಯಿತು. ಗುಡುಗುಡು ಇಲ್ಲ, ಢಬಢಬ ಇಲ್ಲ. ಮಗುವನ್ನು ಎತ್ತಿಕೊಂಡಿದ್ದ ಅಳಿಯ, ಅವನ ಪಕ್ಕ ಮಗಳು, ಸ್ನಾನದ ಮನೆಯ ಬಾಗಿಲಲ್ಲಿ ನಿಂತಿದ್ದರು. ಮೇಸ್ತ್ರಿ ಸ್ಟೂಲಿನ ಮೇಲಿನಿಂದಲೇ ಕೈ ಚಾಚಿ ಬಿಸಿನೀರಿನ ನಲ್ಲಿ ತಿರುಗಿಸಿದರು. ನೀರು ಆವಿಯಾಡುತ್ತ ಸುರಿಯಿತು.

"ನೋಡಿ," ಎಂದರು, ಹಿಂದೆ ತಿರುಗದೆ. "ಹೇಗೆ ತುಟಿಪಿಟಿಕ್ ಅನ್ನದೆ ಕೂತಿದೆ!"

ಪಕ್ಕದ ಗೋಡೆಯ ಕನ್ನಡಿಯಲ್ಲಿ ಮೂವರೂ ಕಾಣುತ್ತಿದ್ದರು. ಮೂವರ ಕಣ್ಣೂ ಗೀಸರಿನ ಮೇಲೇ ಇತ್ತು. ಚೋಟುವಂತೂ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನೋಡುತ್ತಿದ್ದಳು. ಎಲ್ಲರಿಗೂ ಬಾಯಿ ಕಟ್ಟಿಹೋಗಿದೆ ಎಂದು ಮೇಸ್ತ್ರಿಗೆ ಖುಷಿಯಾಯಿತು. ಅಳಿಯ ಏನೋ ಹೇಳಲು ಬಾಯಿ ತೆರೆದ. ಮಗಳು ಅವನ ತೋಳು ಹಿಡಿದಳು. ಕನ್ನಡಿಯಲ್ಲಿ ಅವಳ ತುಟಿ ಆಡಿತು: ಅಪ್ಪ, ಟವೆಲ್ ಕೆಳಗೆ ಬಿದ್ದಿದೆ.

"ಎತ್ತಿ ಮೇಲೆ ಹಾಕು ಮರಿ," ಎಂದರು ಮೇಸ್ತ್ರಿ.

ಮಗಳು ಕನ್ನಡಿಯ ಕಡೆ ನೋಡಿದಳು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕನ್ನಡಿಯಿಂದ ಮರೆಯಾದಳು. ತುಸು ಹೊತ್ತಿನ ಮೇಲೆ ಮತ್ತೆ ಕಾಣಿಸಿಕೊಂಡಾಗ ಅವಳ ಮುಖ ಸಪ್ಪಗಾಗಿತ್ತು. ಟವೆಲ್ಲಿಗೆ ಇಷ್ಟು ಬೇಸರವೇ ಎಂದುಕೊಂಡು ಮೇಸ್ತ್ರಿ ನಲ್ಲಿ ನಿಲ್ಲಿಸಿ ಇಳಿದರು.

ಮಧ್ಯಾಹ್ನ ಟೀ ಕುಡಿಯುವಾಗ ಮಗಳು ಅವರ ಎದುರಿಗೆ ಬಂದು ಕೂತಳು.

"ಅಂಗಡಿಯವರ ಹತ್ರ ಮಾತಾಡಿದೆ. ಇನ್ನೂ ಸ್ವಲ್ಪ ದಿನ ರಜ ಮುಂದುವರಿಸ್ತೀನಿ."

"ಯಾಕೆ?"

"ಚೋಟುಗೆ ಹಲ್ಲು ಬರೋ ಸಮಯ. ರಚ್ಚೆ ಹಿಡೀತಾಳೆ."

"ಹಲ್ಲು ಬಂದ್ರೆ ನಾನು ನೋಡ್ಕೊಳಲ್ವಾ? ನಿನಗೆ ಹಲ್ಲು ಬಂದಾಗ ಹೆಗಲ ಮೇಲೆ ಹಾಕ್ಕೊಂಡು ತಿರುಗಿದ್ದು ಯಾರು?"

"ನೋಡ್ಕೋತೀಯ. ಆದ್ರೂ..."

ಮೇಸ್ತ್ರಿ ಅರ್ಧ ಕುಡಿದ ಟೀ ಲೋಟ ಕೆಳಗಿಟ್ಟು ಎದ್ದರು. ಗೀಸರ್ ರಿಪೇರಿಗೆ ಅಪ್ಪ ಬೇಕು, ಮಗು ನೋಡಿಕೊಳ್ಳಲು ಬೇಡ. ಸ್ಟೂಲು ಹತ್ತುವಾಗ ಕಾಲು ನಡುಗಿದ್ದನ್ನು ಕಂಡಳೋ? ಇಲ್ಲ, ಗಂಡ ಏನಾದರೂ ಊದಿದನೋ? ಮೇಸ್ತ್ರಿ ಎರಡು ದಿನ ಎಲ್ಲರ ಮೇಲೂ ಮುಖ ಗಂಟು ಹಾಕಿಕೊಂಡಿದ್ದರು. ಒಳಗೆ ನಿಜವಾಗಿಯೂ ಅವರಿಗೆ ತುಂಬಾ ನೋವಾಗಿತ್ತು. ಮತ್ತೆ ಕುರ್ಚಿ ಎಲ್ಲಿ ಹಾಕಿಕೊಳ್ಳುವುದು ಎಂಬ ಹಳೇ ಪ್ರಶ್ನೆ ಎದುರು ಬಂದು ನಿಂತಿತ್ತು.

ಮೂರನೆಯ ಬೆಳಿಗ್ಗೆ ಅಳಿಯ ಈಜುಕೊಳಕ್ಕೆ ಹೋದ ಮೇಲೆ ಮಗಳು ಸ್ನಾನಕ್ಕೆ ಹೋದಳು. ಮೇಸ್ತ್ರಿ ನಡುಮನೆಯಲ್ಲಿ ಚಾಪೆ ಹಾಸಿ ಚೋಟುವನ್ನು ಎದುರಿಗೆ ಕೂರಿಸಿಕೊಂಡಿದ್ದರು. ಅವಳು ತನ್ನ ಕಾಲ್ಬೆರಳನ್ನು ಹಿಡಿದು ಬಾಯಿಗೆ ತರುವ ಕೆಲಸದಲ್ಲಿ ಮುಳುಗಿದ್ದಳು. ಇದ್ದಕ್ಕಿದ್ದಂತೆ ಬೆರಳು ಬಿಟ್ಟು ಸ್ನಾನದ ಮನೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತು ಅತ್ತಲೇ ನೋಡಿ, ಮತ್ತೆ ಬೆರಳಿಗೆ ಕೈ ಹಾಕಿದಳು. ಮತ್ತೆ ಬಿಟ್ಟಳು, ಮತ್ತೆ ತಿರುಗಿದಳು.

"ಏನೇ ಅಲ್ಲಿ?" ಎಂದು ಮೇಸ್ತ್ರಿಯೂ ತಿರುಗಿ ನೋಡಿದರು. ಮುಚ್ಚಿದ ಬಾಗಿಲು, ಅದರಾಚೆ ನೀರಿನ ಮಂದವಾದ ಸದ್ದು. ಅಷ್ಟೇ.

ಯಂತ್ರವೊಂದು ಕಾರಣವಿಲ್ಲದೆ ಅದೇ ಆಟ ಎರಡು ಸಲ ಆಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು; ಮಗುವೂ ಆಡುವುದಿಲ್ಲ ಎಂದು ಈಗ ಹೊಳೆಯಿತು. ಮಗಳು ಸ್ನಾನ ಮುಗಿಸಿ, ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ತಾರಸಿಗೆ ಹೋದಳು. ಮೇಸ್ತ್ರಿ ಚೋಟುವನ್ನು ಎತ್ತಿಕೊಂಡು ಬಂದು ಸ್ನಾನದ ಮನೆಯ ಬಾಗಿಲಿನೆದುರು, ಒಳಗೆ ಬೆನ್ನು ಮಾಡಿ ಕೂರಿಸಿದರು. ಕೈಗೆ ಒಂದು ಚಮಚ ಕೊಟ್ಟರು.

ಮೊದಲು ತಣ್ಣೀರಿನ ನಲ್ಲಿ ತಿರುಗಿಸಿದರು. ನೀರು ಧೋ ಎಂದು ಬಿತ್ತು. ಚೋಟು ಚಮಚ ಚೀಪುತ್ತಲೇ ಇದ್ದಳು. ಅದನ್ನು ನಿಲ್ಲಿಸಿ ಬಿಸಿನೀರಿನ ನಲ್ಲಿ ತಿರುಗಿಸಿದರು. ಚಮಚ ಕೆಳಗೆ ಬಿತ್ತು. ಪುಟ್ಟ ತಲೆ ಗರಕ್ಕನೆ ತಿರುಗಿ ಗೀಸರನ್ನು ನೋಡಿತು. ನಿಲ್ಲಿಸಿದರು; ಮಗು ಚಮಚ ಹುಡುಕಿತು. ತಿರುಗಿಸಿದರು, ತಲೆ ತಿರುಗಿತು. ಮತ್ತೊಮ್ಮೆ ತಣ್ಣೀರು, ಚಮಚದ ಮೇಲೇ ಗಮನ.

ಮೇಸ್ತ್ರಿ ಸ್ಕ್ರೂಡ್ರೈವರ್ ತಂದು, ಬಿಸಿನೀರು ಹರಿಯುತ್ತಿರುವಾಗಲೇ ಅದರ ಮೊನೆಯನ್ನು ಒಳಬರುವ ವಾಲ್ವಿಗೆ ಊರಿ, ಹಿಡಿಯನ್ನು ಮೂಳೆಗೆ ಒತ್ತಿದರು. ಮೂಳೆಯೊಳಗೆ ಝುಮ್ಮೆಂದು ಸಣ್ಣಗೆ ನಡುಗಿತು. ಅದು ಏನೆಂದು ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಒಣಗಿ ಗಡುಸಾದ ಚರ್ಮದ ಬಿಲ್ಲೆ, ಬಿಸಿನೀರು ಹೊರಗೆ ಹೋದಾಗಲೆಲ್ಲ ಒಳನುಗ್ಗುವ ತಣ್ಣೀರಿನ ರಭಸಕ್ಕೆ ಅದರ ಅಂಚು ಪಟಪಟ ಅದುರುತ್ತಿದೆ. ಹಾಗೆ ಅದುರಿದರೆ ಸೀಟಿ ಊದಿದ ಹಾಗೆ ಕೂಗುತ್ತದೆ. ಮನೆಯೆಲ್ಲ ಕೇಳುವಷ್ಟು ಕೂಗುತ್ತದೆ. ಮೊದಲು ಇಲ್ಲದ ಸದ್ದು, ತಮ್ಮ ಕೈಯಾರೆ ಕತ್ತರಿಸಿ ಕೂರಿಸಿದ ಸದ್ದು. ಅದರ ಕೆಳಗೆ ನಿಂತುಕೊಂಡೇ ಅವರು ತುಟಿಪಿಟಿಕ್ ಅನ್ನುತ್ತಿಲ್ಲ ಎಂದು ಎದೆಯುಬ್ಬಿಸಿ ಹೇಳಿದ್ದರು.

ಮೇಸ್ತ್ರಿ ನಲ್ಲಿ ನಿಲ್ಲಿಸಿ, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. ಅಳಿಯ ಬಾಯಿ ತೆರೆದದ್ದು, ಮಗಳು ಅವನ ತೋಳು ಹಿಡಿದದ್ದು, ಟವೆಲ್, ಕನ್ನಡಿ, ರಜೆ, 'ಆದ್ರೂ' ಎಲ್ಲವೂ ಒಂದರ ಹಿಂದೊಂದು ಸರಿಯಾಗಿ ಬಂದು ಕೂತವು. ಮಗಳು ಎಷ್ಟೋ ಸಲ ಅಂಗಡಿಯ ಕಥೆ ಹೇಳಿದ್ದಳು: ಕನ್ನಡಕ ಹಾಕಲು ನಾಚುವವರು ಬೋರ್ಡಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಗಡಗಡ ಒಪ್ಪಿಸುತ್ತಾರೆ, ಅವಳು ಸುಮ್ಮನೆ ಬೋರ್ಡು ಬದಲಾಯಿಸುತ್ತಾಳೆ. ಆ ಕಥೆಗೆ ಮೇಸ್ತ್ರಿ ಬಿದ್ದು ಬಿದ್ದು ನಕ್ಕಿದ್ದರು. ಈಗ ನಾಚಿಕೆಯಿಂದ ಅವರ ಕಿವಿಯ ತುದಿ ಬಿಸಿಯಾಯಿತು. ನಾಚಿಕೆಯ ಹಿಂದೆಯೇ ಭಯ ಬಂತು. ಈ ಮಗು ತೊಟ್ಟಿಲಿನಿಂದ ಇಳಿದು ಅಂಬೆಗಾಲಿಟ್ಟು ಹೋಗಿ ಇನ್ನೊಂದು ಕೋಣೆಯಲ್ಲಿ ಬಿದ್ದು ಚೀರಿದರೆ, ಕಾಲ್ಬೆರಳಿನ ದಾರ ಏನು ಹೇಳೀತು?

ತಾರಸಿಯಿಂದ ಇಳಿದು ಬಂದ ಮಗಳು ಬಾಗಿಲಲ್ಲಿ ನಿಂತಳು. ಬಕೆಟ್ಟಿನ ಮೇಲೆ ಅಪ್ಪ, ಮಡಿಲಲ್ಲಿ ಸ್ಕ್ರೂಡ್ರೈವರ್, ಕಾಲ ಬಳಿ ಚಮಚ ಹಿಡಿದ ಚೋಟು. ಮೇಸ್ತ್ರಿ ಬಾಯಿ ತೆರೆದರು. ಆಮೇಲೆ, ದನಿಯಿಲ್ಲದೆ ಹೇಳುವುದೇ ಸುಲಭ ಎನ್ನಿಸಿ, ಎಷ್ಟೋ ವರ್ಷಗಳ ಮೇಲೆ ಮಿಲ್ಲಿನ ಮಾತಿನಲ್ಲಿ, ಬರೀ ತುಟಿಯಲ್ಲಿ ಹೇಳಿದರು:

"ನಂಗೆ ಕೇಳಿಸ್ತಿಲ್ಲ."

ಮಗಳು ಖಾಲಿ ಬಕೆಟ್ ಕೆಳಗಿಟ್ಟು ಅವರೆದುರು ಕುಕ್ಕರುಗಾಲಿನಲ್ಲಿ ಕೂತಳು. ಅವಳೂ ತುಟಿಯಲ್ಲೇ ಹೇಳಿದಳು. "ಗೊತ್ತು."

"ಅವತ್ತು ಕನ್ನಡಿಯಿಂದ ಆಚೆ ಹೋಗಿ ಏನು ಅಂದೆ?"

"ಮಗು ಅಳ್ತಿದೆ ಅಂತ ಜೋರಾಗೇ ಅಂದೆ. ಎರಡು ಸಲ ಅಂದೆ."

ಮೇಸ್ತ್ರಿ ತಲೆ ತಗ್ಗಿಸಿದರು. ತಗ್ಗಿಸಿದ ತಲೆಗೆ ತುಟಿ ಕಾಣುವುದಿಲ್ಲವಲ್ಲ. ಮಗಳು ಗದ್ದ ಹಿಡಿದು ಮೇಲೆತ್ತಿದಳು.

"ಅವತ್ತೇ ಮುಖಕ್ಕೆ ಹೇಳ್ಬಹುದಿತ್ತಲ್ಲ," ಎಂದರು ಮೇಸ್ತ್ರಿ.

"ಅಳಿಯನ ಮುಂದೆ ಹೇಳಿದ್ರೆ ನೀನು ಪೆಟ್ಟಿಗೆ ಕಟ್ತಿದ್ದೆ. ನೀನಾಗೇ ಹೇಳ್ಲಿ ಅಂತ ಕಾದೆ."

"ನಾನೆಲ್ಲಿ ಹೇಳ್ತಿದ್ದೆ? ಇವಳು ಹೇಳಿದ್ಳು." ಮೇಸ್ತ್ರಿ ಚೋಟುವನ್ನು ತೋರಿಸಿದರು. ಸ್ಕ್ರೂಡ್ರೈವರನ್ನು ಪಕ್ಕಕ್ಕಿಟ್ಟು, "ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋಗು. ಮೆಷಿನ್ ಹಾಕಿದ್ರೆ ಹಾಕ್ಲಿ. ಅಲ್ಲೀವರೆಗೂ ಮಗೂನ ನನ್ನೊಬ್ಬನ ಹತ್ರ ಬಿಡ್ಬೇಡ," ಎಂದರು.

"ಮೆಷಿನ್ ಹಾಕ್ಕೊಂಡು ಬೆನ್ನು ತಿರುಗಿಸಿ ಕೂತು ಪಾಸಾಗು. ಆಮೇಲೆ ಹಗಲೆಲ್ಲ ಚೋಟು ನಿಂದೇ," ಎಂದಳು ಮಗಳು. "ಡಾಕ್ಟರ ರೂಮಲ್ಲಿ ಕನ್ನಡಿ ಇದ್ರೆ ತೆಗೆಸಿರ್ತೀನಿ."

ಮೇಸ್ತ್ರಿಗೆ ನಗು ಬಂತು. ಹೆಗಲ ಮೇಲಿಂದ ಏನೋ ಇಳಿದ ಹಾಗಾಯಿತು. ಗೀಸರಿನ ಕಡೆ ಗದ್ದ ತೋರಿಸಿ, "ನಾಳೆ ಅಂಗಡಿ ವಾಷರ್ ತಂದು ಹಾಕ್ತೀನಿ. ಮೂರು ದಿನ ಹೇಗೆ ಸಹಿಸಿದ್ರಿ ಅದನ್ನ? ಹೇಗಿದೆ ಸದ್ದು?" ಎಂದು ಕೇಳಿದರು.

ಮಗಳು ಕೈ ಚಾಚಿ ನಲ್ಲಿ ತಿರುಗಿಸಿ, ಕಿವಿಗೊಟ್ಟು ಕೇಳಿ, ನಿಲ್ಲಿಸಿದಳು.

"ಮಿಲ್ಲಿಂದ ಬರುವಾಗ ಬೀದಿ ಕೊನೆಯಿಂದಲೇ ಸೀಟಿ ಹೊಡೀತಿದ್ದೆ ನೋಡು, ನಾನು ಓಡಿ ಬಂದು ಬಾಗಿಲು ತೆಗೀಲಿ ಅಂತ. ಹಾಗೇ ಇದೆ. ಅದಕ್ಕೇ ಸುಮ್ಮನಿದ್ದೆ." ಅವಳ ಕಣ್ಣು ಒದ್ದೆಯಾಗಿತ್ತು. "ಆ ಸೀಟಿ ಯಾಕೆ ಬಿಟ್ಟೆ ಅಪ್ಪ?"

"ಮುಂದಿನ ಹಲ್ಲು ಹೋಯ್ತಲ್ಲ. ಆಮೇಲೆ ಬರೋದೇ ನಿಂತುಹೋಯ್ತು. ಊದಿದ್ರೆ ಬರೀ ಗಾಳಿ," ಎಂದರು ಮೇಸ್ತ್ರಿ. ಹೇಳಿ ಮುಗಿಸಿ, ತಾವು ಹೇಳಿದ್ದನ್ನು ತಾವೇ ಒಂದು ಗಳಿಗೆ ಯೋಚಿಸಿದರು.

ಆಮೇಲೆ ತುಟಿಯನ್ನು ಮುಂದಕ್ಕೆ ಚೂಪು ಮಾಡಿ ಊದಿದರು. ಅವರ ಕಿವಿಗೆ ಬರೀ ಗಾಳಿ. ಚೋಟು ಚಮಚ ಕೆಳಗೆ ಹಾಕಿ ಅಜ್ಜನ ಕಡೆ ತಿರುಗಿದಳು.